ಇಲ್ಲದ ಲೈಸೆನ್ಸಿನ ಕಥೆ

ಕೋರಮಂಗಲದಲ್ಲಿ ಟೀ ಕುಡಿಯುವಾಗ ಗೆಳೆಯನೊಬ್ಬ ಕೇಳಿದ: "ಮಗಾ, ಕೆಲಸ ಬಿಟ್ಟು ಒಂದು ಪೋಕರ್ ಕ್ಲಬ್ ಹಾಕೋಣ ಅಂತಿದೀನಿ. ಲೈಸೆನ್ಸ್ ಯಾರು ಕೊಡ್ತಾರೆ ಗೊತ್ತಾ?"

ಗೊತ್ತಿರಲಿಲ್ಲ. ಎರಡು ವೀಕೆಂಡ್ ಕೂತು ಹಳೇ ತೀರ್ಪುಗಳನ್ನು ಓದಿದೆ. ಸಿಕ್ಕ ಉತ್ತರ ವಿಚಿತ್ರವಾಗಿತ್ತು. ಕ್ಲಬ್ಬಿಗೆ ಟ್ರೇಡ್ ಲೈಸೆನ್ಸ್ ಬೇಕು, ಊಟ ಕೊಟ್ಟರೆ ಅದಕ್ಕೊಂದು, ಮದ್ಯ ಕೊಟ್ಟರೆ ಅಬಕಾರಿಯವರದ್ದು. ಆದರೆ ಪೋಕರ್ ಆಡಿಸೋಕೆ? ಅದಕ್ಕೆ ಅಂತ ಲೈಸೆನ್ಸೇ ಇಲ್ಲ!

ಇದರ ಹಿಂದೆ ಎಪ್ಪತ್ತು ವರ್ಷದ ಕಥೆ ಇದೆ. ಅದು ಶುರುವಾಗೋದು ಇಸ್ಪೀಟಿನಿಂದಲ್ಲ, ಪದಬಂಧದಿಂದ. 1950ರ ದಶಕದಲ್ಲಿ ಬೆಂಗಳೂರಿನಿಂದ 'ಸ್ಪೋರ್ಟಿಂಗ್ ಸ್ಟಾರ್' ಅಂತ ಒಂದು ವಾರಪತ್ರಿಕೆ ಬರುತ್ತಿತ್ತು. ಅದರಲ್ಲಿ ಚಮರ್‌ಬಾಗ್‌ವಾಲಾ ಎಂಬುವರು ಬಹುಮಾನದ ಪದಬಂಧ ನಡೆಸುತ್ತಿದ್ದರು. ಮೈಸೂರು ರಾಜ್ಯದ 1951ರ ಕಾನೂನಿನಡಿ ಲೈಸೆನ್ಸ್ ತಗೊಂಡು, ತೆರಿಗೆ ಕಟ್ಟಿ, ನೇರವಾಗಿಯೇ ನಡೆಸುತ್ತಿದ್ದರು. ಪತ್ರಿಕೆ ಬಾಂಬೆ ರಾಜ್ಯದಲ್ಲೂ ಮಾರಾಟವಾಗುತ್ತಿತ್ತು. ಅಲ್ಲಿನ ಸರ್ಕಾರ 1952ರಲ್ಲಿ ತನ್ನ ಕಾನೂನು ತಿದ್ದಿ, ಹೊರಗೆ ಅಚ್ಚಾಗಿ ಬರುವ ಪತ್ರಿಕೆಗಳೂ ನಮ್ಮಲ್ಲಿ ಲೈಸೆನ್ಸ್ ತಗೋಬೇಕು, ತೆರಿಗೆ ಕಟ್ಟಬೇಕು ಅಂದಿತು. ಜಗಳ ಸುಪ್ರೀಂ ಕೋರ್ಟ್ ಮುಟ್ಟಿತು.

1957ರ ಏಪ್ರಿಲ್‌ನಲ್ಲಿ ಕೋರ್ಟ್ ಹೇಳಿದ್ದು ಎರಡು ಮಾತು. ಒಂದು, ಜೂಜು ವ್ಯಾಪಾರವೇ ಅಲ್ಲ, ಸಂವಿಧಾನ ಅದನ್ನು ಕಾಪಾಡೋದಿಲ್ಲ. ಎರಡು, ಗೆಲುವು ಮುಖ್ಯವಾಗಿ ಕೌಶಲದ ಮೇಲೆ ನಿಂತಿದ್ದರೆ ಅದು ಜೂಜಲ್ಲ. ಪಾಪ, ಆ ಪದಬಂಧ ಮಾತ್ರ ಜೂಜಿನ ಕಡೆಗೇ ಬಿತ್ತು. ಆದರೆ ಅವತ್ತು ಹಾಕಿದ ಇಫ್-ಎಲ್ಸ್ ಇವತ್ತಿಗೂ ಓಡ್ತಾ ಇದೆ.

1967ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ಕೇಸು ಬಂತು. ಅಲ್ಲಿ ರಮ್ಮಿ ಆಡುತ್ತಿದ್ದವರನ್ನು ಪೊಲೀಸರು ಹಿಡಿದಿದ್ದರು. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯೋದು, ಯಾವುದನ್ನು ಬಿಡೋದು ಅಂತ ಲೆಕ್ಕ ಹಾಕಬೇಕು. ಅದು ಮೂರೆಲೆ ಆಟದ ಹಾಗಲ್ಲ ಎಂದಿತು ಸುಪ್ರೀಂ ಕೋರ್ಟ್. ಜೊತೆಗೊಂದು ಎಚ್ಚರಿಕೆ: ಆಟದಿಂದಲೇ ಕ್ಲಬ್ ಲಾಭ ಹೊಡೆಯುತ್ತಿದ್ದರೆ ಮಾತು ಬೇರೆ.

ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆ 1963ರದ್ದು. 79ನೇ ಕಲಂ ಜೂಜಿನ ಮನೆ ನಡೆಸೋರಿಗೆ, 80ನೇದು ಅಲ್ಲಿ ಸಿಕ್ಕಿಬೀಳೋರಿಗೆ. 176ನೇ ಕಲಂ ಮಾತ್ರ, ಶುದ್ಧ ಕೌಶಲದ ಆಟಕ್ಕೆ ಇವೆರಡೂ ತಾಗೋದಿಲ್ಲ ಎಂದಿತು. ಇದನ್ನೇ ಹಿಡಿದು ಪೋಕರ್ ಸಂಘವೊಂದು ಹೈಕೋರ್ಟಿಗೆ ಹೋಯಿತು. 2013ರಲ್ಲಿ ಉತ್ತರ ಬಂತು: ಕೌಶಲದ ಆಟವಾಗಿ ಆಡುವುದಾದರೆ ಪೋಕರ್‌ಗೆ ಲೈಸೆನ್ಸಿನ ಅಗತ್ಯ ಇಲ್ಲ.

"ಹಾಗಾದ್ರೆ ಇನ್ನೇನು, ಓಪನ್ ಮಾಡೇಬಿಡೋಣ" ಅಂದ ಗೆಳೆಯ. ನಾನು ಅವನಿಗೆ ನಮ್ಮ ದೊಡ್ಡಪ್ಪನ ಕಥೆ ಹೇಳಿದೆ.

ಮಂಡ್ಯ ಕಡೆಯ ನಮ್ಮೂರಲ್ಲಿ ಯುಗಾದಿ ಮಾರನೇ ದಿನ, ಅಂದರೆ ಹೊಸತೊಡಕಿನ ದಿನ, ಬಾಡೂಟ ಮುಗಿಸಿ ಊರಿಗೆ ಊರೇ ಇಸ್ಪೀಟಿಗೆ ಕೂರುತ್ತೆ. ನಾನು ಹೈಸ್ಕೂಲಲ್ಲಿದ್ದಾಗ ಒಂದು ವರ್ಷ ತೋಪಿನಲ್ಲಿ ಆಡುತ್ತಿದ್ದವರನ್ನೆಲ್ಲ ಜೀಪಿಗೆ ಹತ್ತಿಸಿಕೊಂಡು ಹೋದರು. ಪಕ್ಕದ ಗುಂಪು ಅಂದರ್-ಬಾಹರ್ ಆಡುತ್ತಿತ್ತು, ನಿಜ. ದೊಡ್ಡಪ್ಪ ಆಡುತ್ತಿದ್ದುದು ರಮ್ಮಿ. ಕಾಗದದಲ್ಲಿ ಎಲ್ಲರಿಗೂ ಅಂದರ್-ಬಾಹರ್ ಅಂತಲೇ ಬಂತು. "ನೀನು ರಮ್ಮಿ ಅಂತ ಯಾಕೆ ಹೇಳಲಿಲ್ಲ ದೊಡ್ಡಪ್ಪಾ?" ಅಂತ ಕೇಳಿದ್ದೆ. "ಹೇಳಕ್ಕೆ ನಾಕ್ ಸಲ ಕೋರ್ಟಿಗೆ ಅಲೀಬೇಕು ಮಗ. ತಪ್ಪಾಯ್ತು ಅಂದ್ರೆ ಒಂದೇ ದಿನಕ್ಕೆ ಮುಗೀತದೆ." ದಂಡ ಕಟ್ಟಿ ಬಂದರು. ಅದಾದ ಮೇಲೆ ಇಸ್ಪೀಟ್ ಮುಟ್ಟಲಿಲ್ಲ.

ಹಳೇ ತೀರ್ಪುಗಳನ್ನು ಓದುವಾಗ ನನಗೆ ಅರ್ಥವಾದದ್ದು ಇದೇ. ಕೌಶಲವೋ ಅದೃಷ್ಟವೋ ಅನ್ನೋದು ತೀರ್ಮಾನವಾಗೋದು ಹಿಡಿದ ಮೇಲೆ, ಕೋರ್ಟಿನಲ್ಲಿ. 1963ರಲ್ಲಿ ಹಿಡಿದ ಸಿಕಂದರಾಬಾದಿನವರಿಗೆ ಕೊನೆಯ ಉತ್ತರ ಸಿಕ್ಕಿದ್ದು 1967ರಲ್ಲಿ. ಅಷ್ಟು ಕಾಯೋ ಶಕ್ತಿ, ವಕೀಲರಿಗೆ ಕೊಡೋ ಫೀಸು ಇರೋರ ಆಟ ಕೌಶಲ ಆಗುತ್ತೆ. ಇಲ್ಲದವರದ್ದು ಜೂಜಾಗಿಯೇ ಉಳಿಯುತ್ತೆ. ಲೈಸೆನ್ಸ್ ಬೇಡ ಅನ್ನೋದು ಸ್ವಾತಂತ್ರ್ಯದ ಹಾಗೆ ಕಾಣುತ್ತೆ. ಆದರೆ ರೈಡ್ ಆದಾಗ ಬಾಗಿಲಲ್ಲೇ ತೋರಿಸೋಕೆ ಕೈಯಲ್ಲಿ ಒಂದು ಕಾಗದವೂ ಇರೋದಿಲ್ಲ.

ಕಾನೂನೂ ನಿಂತಲ್ಲಿ ನಿಂತಿಲ್ಲ. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂತು: ಆನ್‌ಲೈನ್‌ನಲ್ಲಿ ದುಡ್ಡಿನ ಆಟವಾದರೆ ಕೌಶಲವೋ ಅದೃಷ್ಟವೋ ಕೇಳೋದೇ ಇಲ್ಲ, ನಿಷೇಧ. 1957ರ ಗೆರೆಯನ್ನು ಫೋನಿನ ಮಟ್ಟಿಗೆ ಒಂದೇ ಏಟಿಗೆ ಅಳಿಸಿಹಾಕಿದರು. ಮೇಜಿನ ಸುತ್ತ ಕೂತು ಆಡೋ ಕ್ಲಬ್ಬಿಗೆ ಆ ಕಾಯ್ದೆ ಬರಲ್ಲ. ಅಲ್ಲಿ ಹಳೇ ಗೆರೆಯೇ ಗತಿ.

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಮೊದಲು ಒಬ್ಬ ವಕೀಲರನ್ನ ನೋಡ್ತೀನಿ" ಅಂದ. ಒಳ್ಳೇದು, ಅವನಿಗೆ ಆ ಅನುಕೂಲ ಇದೆ. ದೊಡ್ಡಪ್ಪನಿಗೆ ಇರಲಿಲ್ಲ.