8 ಲೋಟ ನೀರಿನ ಕಥೆ

"ದಿನಾ 8 ಲೋಟ ನೀರು ಕುಡೀರಿ, ತೂಕ ತಾನಾಗೇ ಇಳಿಯುತ್ತೆ." ಈ ಉಪದೇಶ ನೀವೂ ಕೇಳಿರ್ತೀರಿ. ಆದರೆ ನಮ್ಮಜ್ಜಿ ಲೋಟ ಎಣಿಸಿ ನೀರು ಕುಡಿದದ್ದನ್ನು ನಾನಂತೂ ಕಂಡಿಲ್ಲ! ಹಾಗಾದರೆ ಈ 8 ಎಲ್ಲಿಂದ ಬಂತು ಅಂತ ಹುಡುಕಿದೆ.

1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ, ದೊಡ್ಡವರಿಗೆ ದಿನಕ್ಕೆ ಸುಮಾರು 2.5 ಲೀಟರ್ ನೀರು ಬೇಕು ಎಂದಿತು. ಅದರಲ್ಲಿ ಬಹುಪಾಲು ತಿನ್ನುವ ಆಹಾರದಲ್ಲೇ ಇದೆ ಎಂದೂ ಸೇರಿಸಿತ್ತು. ನಮ್ಮ ಅನ್ನ, ಸಾರು, ಮಜ್ಜಿಗೆಯೂ ಲೆಕ್ಕಕ್ಕೆ ಬಂದ ಹಾಗಾಯ್ತಲ್ಲ? ಈ ಎರಡನೇ ಮಾತು ಮರೆತುಹೋಗಿ ಲೀಟರು ಮಾತ್ರ ಉಳಿಯಿತು.

1967ರಲ್ಲಿ ಡಾ. ಇರ್ವಿನ್ ಸ್ಟಿಲ್‌ಮನ್ ತೂಕ ಇಳಿಸುವ ಪುಸ್ತಕ ಬರೆದರು. ಕೊಬ್ಬಿಲ್ಲದ ಮಾಂಸ, ಮೊಟ್ಟೆ, ಜೊತೆಗೆ ದಿನಕ್ಕೆ 8 ಲೋಟ ನೀರು. ಜನ ಅದನ್ನು 'ನೀರಿನ ಡಯಟ್' ಅಂತಲೇ ಕರೆದರು. ತಮಾಷೆಯೆಂದರೆ, ಅನ್ನ-ಬ್ರೆಡ್ಡು ಬಿಟ್ಟ ಮೊದಲ ವಾರ ಇಳಿಯುವ ತೂಕದಲ್ಲಿ ಹೆಚ್ಚಿನದು ಮೈಯೊಳಗಿನ ನೀರೇ!

2002ರಲ್ಲಿ ಹೈಂಜ್ ವಾಲ್ಟಿನ್ ಎಂಬ ಮೂತ್ರಪಿಂಡ ತಜ್ಞರು ಹುಡುಕಿದಾಗ 8 ಲೋಟಕ್ಕೆ ವೈಜ್ಞಾನಿಕ ಆಧಾರ ಸಿಗಲಿಲ್ಲ. 2010ರಲ್ಲಿ ವರ್ಜೀನಿಯಾದ ಸಂಶೋಧಕರು 55 ದಾಟಿದ 48 ಜನರಿಗೆ 12 ವಾರ ಮಿತಾಹಾರ ಕೊಟ್ಟರು. ಊಟಕ್ಕೆ ಮುಂಚೆ ಅರ್ಧ ಲೀಟರ್ ನೀರು ಕುಡಿದವರು ಉಳಿದವರಿಗಿಂತ ಸುಮಾರು 2 ಕಿಲೋ ಹೆಚ್ಚು ಇಳಿದರು. ಹೊಟ್ಟೆ ತುಂಬಿದರೆ ತುತ್ತು ಕಡಿಮೆಯಾಗುತ್ತದೆ, ಅಷ್ಟೇ. ನೀರು ಕೊಬ್ಬು ಕರಗಿಸುವ ಔಷಧಿಯಲ್ಲ.

ಹೃದಯ, ಮೂತ್ರಪಿಂಡದ ತೊಂದರೆಯಿಂದ ನೀರು ಮಿತಿಯಲ್ಲಿಡಬೇಕಾದವರೂ ನಮ್ಮ ನಡುವೆ ಇದ್ದಾರೆ. ಅವರಿಗೆ ದಯವಿಟ್ಟು ಈ 8ರ ಉಪದೇಶ ಮಾಡಬೇಡಿ.