ಎಂಜಿನ್ ದತ್ತಾಂಶ ದಾಖಲಾತಿ

ಪ್ರೋಗ್ರಾಂ ಮಾಡಬಹುದಾದ ಇಸಿಯು (ಎಂಜಿನ್ ನಿಯಂತ್ರಣ ಘಟಕ) ಮೂಲಕ ಎಂಜಿನ್ನಿನ ಆರ್‌ಪಿಎಂ, ಥ್ರಾಟಲ್, ಮ್ಯಾನಿಫೋಲ್ಡ್ ಒತ್ತಡ, ಕೂಲಂಟ್ ಬಿಸಿ, ಇಗ್ನಿಷನ್ ಟೈಮಿಂಗ್‌ಗಳನ್ನು ಕ್ಷಣಕ್ಷಣಕ್ಕೂ ದಾಖಲಿಸುವ ವಿಧಾನ. ಮೊದಲು ನೋಡಬೇಕಾದದ್ದು ಲ್ಯಾಂಬ್ಡಾ, ಅಂದರೆ ಗಾಳಿ–ಪೆಟ್ರೋಲ್ ಅನುಪಾತದ ಅಳತೆ. ತೂಕದಲ್ಲಿ 1 ಪಾಲು ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಆಗ ಲ್ಯಾಂಬ್ಡಾ 1. ಥ್ರಾಟಲ್ ಪೂರ್ತಿ ತೆರೆದಾಗ ಅದು 1 ದಾಟಿದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ನಾಕಿಂಗ್ (ಇಂಧನ ಅಕಾಲದಲ್ಲಿ ಸಿಡಿಯುವುದು) ಶುರುವಾಗಿ ಪಿಸ್ಟನ್ನೇ ಕರಗಬಹುದು. ಬರೀ ಸದ್ದು ಕೇಳಿ ಟ್ಯೂನ್ ಮಾಡುವವರಿಗೆ ಇದು ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ.

ಈ ದಾಖಲೆಗಾಗಿ ಬೈಕನ್ನು ಎಲ್ಲಿ ಓಡಿಸಬೇಕು ಎಂಬುದೂ ಮುಖ್ಯ. ಮಂಡ್ಯ, ಮದ್ದೂರಿನ ಮಗ್ಗುಲಲ್ಲಿ ಸಾಗುವ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ನೇರ ರಸ್ತೆ ನಿಜ, ಪರೀಕ್ಷೆಗೆ ಮಾತ್ರ ತಕ್ಕ ಜಾಗವಲ್ಲ: ಅದೇ ವರ್ಷದ ಆಗಸ್ಟ್ 1ರಿಂದ ಬೈಕ್‌ಗಳಿಗೆ ಮುಖ್ಯಪಥದಲ್ಲಿ ಪ್ರವೇಶವೇ ಇಲ್ಲ. ಐಡಲ್, ಅರ್ಧ ಥ್ರಾಟಲ್ ದಾಖಲೆಗೆ ಮಳವಳ್ಳಿ ಕಡೆಯ ಹಳ್ಳಿರಸ್ತೆಗಳೇ ಸಾಕು. ಪೂರ್ತಿ ಥ್ರಾಟಲ್ ಓಟಕ್ಕೆ ಡೈನೋ (ಬೈಕನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಬೇಕು.