ಕನಕಗಿರಿ ಸೀಮೆಯ ಶ್ರವಣಪಾಠ

ಕಾಲಿದ್ದವರು ಹಂಪೆಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು ಎಂಬ ಗಾದೆ ನಮ್ಮಲ್ಲಿ ಎಷ್ಟು ರೂಢವಾಗಿದೆಯೆಂದರೆ, ಕನಕಾಚಲಪತಿಯ ದೇವಾಲಯದ ಗೋಪುರವನ್ನೂ ಕಂಬಗಳ ಕೆತ್ತನೆಯನ್ನೂ ಕಂಡು ಹಿಂದಿರುಗಿದವನು ಆ ಸೀಮೆಯಲ್ಲಿ ತಾನು ಅರಿಯಬೇಕಾದುದು ಇನ್ನೇನೂ ಉಳಿದಿಲ್ಲವೆಂದೇ ಭಾವಿಸುತ್ತಾನೆ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳನ್ನೊಳಗೊಂಡ ಈ ಪ್ರದೇಶದಲ್ಲಿ ಲೋಕದ ನಡತೆ ಹೇಗಿರಬೇಕು, ಹೇಗಿರಬಾರದು ಎಂಬುದನ್ನು ಜನ ಅಕ್ಷರದಿಂದ ಕಲಿತದ್ದು ಕಡಮೆ. ಕೇಳಿ ಕಲಿತದ್ದೇ ಹೆಚ್ಚು. ಇಂದು ಪ್ರೌಢಶಾಲೆಯ ತರಗತಿಗಳಲ್ಲಿ ಧ್ವನಿಮುದ್ರಿತ ಕತೆಗಳ ಮೂಲಕ ಬಾಲ್ಯವಿವಾಹ, ಅಸ್ಪೃಶ್ಯತೆ ಮೊದಲಾದ ವಿಷಯಗಳನ್ನು ಬೋಧಿಸಬೇಕೆನ್ನುವವರು ಅದನ್ನು ನವೀನ ಪದ್ಧತಿಯೆಂದು ಕರೆಯುವಾಗ, ಈ ಹಳೆಯ ಚರಿತ್ರೆಯನ್ನೊಮ್ಮೆ ತಿರುವಿಹಾಕುವುದು ಅಪ್ರಸ್ತುತವಾಗಲಾರದು.

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಲಘು ಶಿಲಾಶಾಸನಗಳಿರುವುದು 1931ರಲ್ಲಿ ಬೆಳಕಿಗೆ ಬಂದಿತು; ಮರುವರ್ಷವೇ ಟರ್ನರ್ ಎಂಬ ವಿದ್ವಾಂಸರು ಅವನ್ನು ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನ ಮಾತಿನಂತೆ ಹೊರಟ ಸಂದೇಶವೆಂದು ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ಆ ಸುವರ್ಣಗಿರಿಯು ನಮ್ಮ ಕನಕಗಿರಿಯೇ ಎಂದು ಕೆಲವು ಪಂಡಿತರ ಮತ. ಅಲ್ಲ, ಆಂಧ್ರದ ಜೊನ್ನಗಿರಿ ಎಂದು ವಾದಿಸುವವರೂ ಉಂಟು. ಊರಿನ ಅಭಿಮಾನಕ್ಕೆ ಆ ವಾದವನ್ನು ಬಿಟ್ಟುಕೊಡೋಣ. ನಮಗೆ ಇಲ್ಲಿ ಪ್ರಕೃತವಾದುದು ಬೇರೆ: ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ, ಹತ್ತಲು ಪ್ರಯಾಸವಾದ ಗುಂಡಿನ ಮೇಲೆ ಕೆತ್ತಿದ ಈ ಬರಹವನ್ನು ಕುರಿ ಕಾಯುವವನಾಗಲಿ ಹೊಲ ಉಳುವವನಾಗಲಿ ಓದಿಯಾನೆಂದು ಆ ಚಕ್ರವರ್ತಿಯೂ ನಂಬಿದ್ದಂತೆ ತೋರುವುದಿಲ್ಲ. ತುಂಗಭದ್ರೆಯ ಆಚೆಗೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೊಳಂಗಳಲ್ಲಿ, ಕರ್ನೂಲಿನ ಕಡೆಯ ಎರ್ರಗುಡಿಯಲ್ಲಿ ದೊರೆತ ಪಾಠಗಳು ಅದನ್ನು ಜನರಿಗೆ ಕೇಳಿಸುವ ವ್ಯವಸ್ಥೆಯನ್ನು ಸ್ಪಷ್ಟವಾಗಿ ವಿಧಿಸುತ್ತವೆ. ರಜ್ಜುಕನೆಂಬ ಅಧಿಕಾರಿಯು ಭೇರಿಯನ್ನು ಹೊಡೆಯಿಸಿ ಜನಪದದವರಿಗೆ ರಾಜಾಜ್ಞೆಯನ್ನು ಸಾರತಕ್ಕದ್ದು. ತಾಯಿತಂದೆಗಳ ಶುಶ್ರೂಷೆ, ಪ್ರಾಣಿದಯೆ, ಸತ್ಯವಚನ ಇವೇ ಅದರ ವಿಷಯ. ಅಷ್ಟಕ್ಕೇ ನಿಲ್ಲದೆ, ಅದೇ ಮಾತನ್ನು ಆಚಾರ್ಯರು ತಮ್ಮ ಅಂತೇವಾಸಿಗಳಿಗೆ ಪುರಾತನ ರೀತಿಯಂತೆ ಕಲಿಸಬೇಕೆಂದೂ ಅಪ್ಪಣೆಯುಂಟು. ಭೇರಿಯ ಸದ್ದು ಊರನ್ನು ಕೂಡಿಸಬಲ್ಲುದೇ ಹೊರತು ಮನಸ್ಸನ್ನು ತಿದ್ದಲಾರದು, ಅದಕ್ಕೆ ಶಿಷ್ಯನ ಎದುರಿಗೆ ಕುಳಿತ ಗುರು ಬೇಕೆಂಬ ವಿವೇಕವು ಕ್ರಿಸ್ತಪೂರ್ವ ಮೂರನೆಯ ಶತಮಾನದ ರಾಜ್ಯಾಡಳಿತಕ್ಕೆ ಇದ್ದಿತು.

ಶಾಸನಗಳ ತರುವಾಯ ಕತೆಗಳ ಕಾಲ. ಗಂಗಾವತಿ ತಾಲ್ಲೂಕಿನ ಜಬ್ಬಲಗುಡ್ಡದ ಬಳಿಯಿರುವ ಕುಮ್ಮಟದುರ್ಗದಲ್ಲಿ ಬಾಳಿ, 1327ರ ಸುಮಾರಿಗೆ ತುಘಲಕನ ಸೈನ್ಯದೊಡನೆ ಹೋರಾಡಿ ಮಡಿದ ಕುಮಾರರಾಮನು ಇತಿಹಾಸದಲ್ಲಿ ಪಡೆದ ಸ್ಥಳ ಅಲ್ಪವಾದರೂ, ಜನರ ಬಾಯಲ್ಲಿ ಪಡೆದ ಆಯುಸ್ಸು ದೀರ್ಘವಾದದ್ದು. ಚೆಂಡಾಡುತ್ತಿರಲು ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಯಲ್ಲಿ ಬಿದ್ದುದು, ತರಲು ಹೋದ ರಾಮನನ್ನು ಆಕೆ ಮೋಹಿಸಿದುದು, ಆತ ಒಲ್ಲೆನೆಂದಾಗ ಗಂಡನ ಮುಂದೆ ಸುಳ್ಳು ದೂರು ಹೇಳಿದುದು, ಕಂಪಿಲರಾಯನು ವಿಚಾರಿಸದೆ ಮಗನ ತಲೆ ತೆಗೆಯಲು ಆಜ್ಞಾಪಿಸಿದುದು, ಮಂತ್ರಿ ಬೈಚಪ್ಪನು ಆತನನ್ನು ಅಡಗಿಸಿ ಉಳಿಸಿದುದು, ಇವನ್ನೆಲ್ಲ ಸಾಂಗತ್ಯದಲ್ಲಿ ಕವಿಗಳು ಬರೆದರು; ಆದರೆ ಊರೂರಿಗೆ ಒಯ್ದವರು ತಂಬೂರಿ ಹಿಡಿದ ಬುರ್ರಕಥೆಯವರು. ಪರನಾರೀಸಹೋದರನೆಂಬ ಬಿರುದನ್ನು ಗಂಡಸಿಗೆ ಕೊಟ್ಟು, ಶೀಲವೆಂಬುದು ಹೆಂಗಸಿನ ಹೊಣೆ ಮಾತ್ರವಲ್ಲವೆಂದು ಇರುಳೆಲ್ಲ ಕೂಡಿಸಿ ಹೇಳಿದ ಪಾಠವದು. ಆತನ ತಲೆಯ ಮರದ ಪ್ರತಿಮೆಯನ್ನು ಪೂಜಿಸುವ ಗ್ರಾಮಗಳು ಇಂದಿಗೂ ಇವೆ. ಹನ್ನೆರಡು ಮಹಾಕಾವ್ಯಗಳನ್ನು ಕಂಠದಲ್ಲಿರಿಸಿಕೊಂಡಿದ್ದು 2014ರಲ್ಲಿ ತೀರಿಕೊಂಡ, ನಾಡೋಜ ಗೌರವಕ್ಕೆ ಪಾತ್ರರಾದ ಬುರ್ರಕಥೆಯ ದರೋಜಿ ಈರಮ್ಮನವರು ಅಕ್ಷರ ಕಲಿತವರಲ್ಲ.

ಬುರ್ರಕಥೆಯ ಒಂದು ಅಂಗವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಕತೆಯನ್ನು ನಡೆಯಿಸುವವರು ಒಬ್ಬರಾದರೂ ಮಗ್ಗುಲಲ್ಲಿ ವಾದ್ಯ ಹಿಡಿದ ಜೊತೆಗಾರರಿರುತ್ತಾರೆ. ಅವರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ, ನಡುವೆ ಹೂಂಗುಟ್ಟುತ್ತಾರೆ, ಮುಂದೇನಾಯಿತೆಂದು ಕೇಳುತ್ತಾರೆ. ಮನೆಯ ಅಂಗಳದಲ್ಲಿಯೂ ಇದೇ ನಿಯಮ: "ಹೂಂ ಅಂದ್ರ ಹೇಳ್ತೀನಿ, ಇಲ್ಲಾಂದ್ರ ಮಕ್ಕೋ" ಎನ್ನದ ಅಜ್ಜಿ ನಮ್ಮ ಕಡೆಗೆ ಅಪರೂಪ. ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆಯವರಲ್ಲಿ ಪರದೆಯ ಮೇಲೆ ರಾಮಾಯಣ ನಡೆಯುತ್ತಿದ್ದಂತೆಯೇ ಕಿಳ್ಳೇಕ್ಯಾತ, ಬಂಗಾರಕ್ಕರೆಂಬ ಹಾಸ್ಯಪಾತ್ರಗಳು ನುಗ್ಗಿ ಊರಿನ ಸುದ್ದಿಯನ್ನೇ ಎತ್ತಿ ಆಡಿಬಿಡುತ್ತವೆ. ಗೌಡನ ಎದುರು ನೇರವಾಗಿ ಆಡಲಾರದ ಮಾತಿಗೆ ಬಂಗಾರಕ್ಕನ ಬಾಯಿ ಬೇಕಾಗಿತ್ತು. ಆ ಊರಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆತಾಗ ದೇಶವೆಲ್ಲ ಬೊಂಬೆಗಳ ಬಣ್ಣವನ್ನು ಹೊಗಳಿತು. ಪರದೆಯ ಹಿಂದಿನ ಧ್ವನಿಯನ್ನು ಹೊಗಳಿದವರು ನನಗೆ ಕಾಣಲಿಲ್ಲ.

ಶಾಲೆಯು ಈ ಪರಂಪರೆಗೆ ಬಹುಕಾಲ ಬೆನ್ನು ತಿರುಗಿಸಿಯೇ ಇತ್ತು. ನಿಜಾಮನ ರಾಜ್ಯದಲ್ಲಿ, ಸಾಲಾರ್ ಜಂಗರ ಜಾಗೀರಿಗೆ ಒಳಪಟ್ಟಿದ್ದ ಈ ಕೊಪ್ಪಳದ ಭಾಗದಲ್ಲಿ, ಮೇಲಿನ ತರಗತಿಗಳ ಪಾಠವೆಲ್ಲ ಉರ್ದುವಿನಲ್ಲಿ. ಹುಡುಗನು ಹಗಲು ಕಲಿತ ಭಾಷೆಯಲ್ಲಿ ಇರುಳು ಕೇಳಿದ ಕತೆಯನ್ನು ಹೇಳಲಾರ. ಇರುಳಿನ ಕತೆಯನ್ನು ಹಗಲು ಯಾರೂ ಕೇಳರು. 1948ರ ಸೆಪ್ಟೆಂಬರಿನಲ್ಲಿ ಆ ಆಳಿಕೆ ಕೊನೆಗೊಂಡು, 1956ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯ ಅಂಗವಾಗಿ ಈ ಸೀಮೆಯು ಕನ್ನಡ ರಾಜ್ಯವನ್ನು ಸೇರಿದ ಮೇಲೆ ಶಾಲೆಯ ಭಾಷೆ ಬದಲಾಯಿತು. ಬಂಗಾರಕ್ಕನಿಗೆ ಮಾತ್ರ ಆಗಲೂ ಪ್ರವೇಶ ದೊರೆಯಲಿಲ್ಲ.

ಈ ಮಧ್ಯೆ ಬಾನುಲಿ ಬಂದಿತ್ತು. 1935ರಲ್ಲಿ ಹೈದರಾಬಾದಿನ ಡೆಕ್ಕನ್ ರೇಡಿಯೋ. ಅದೇ ವರ್ಷ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಹೂಡಿದ ಪ್ರಸಾರ ಕೇಂದ್ರ, 1950ರ ಜನವರಿಯಲ್ಲಿ ಧಾರವಾಡ, 1966ರಲ್ಲಿ ಕಲಬುರ್ಗಿ. ಶಾಲಾಮಕ್ಕಳಿಗಾಗಿಯೇ ಪ್ರಸಾರ ಮಾಡುವ ಪದ್ಧತಿಯು 1937ರಷ್ಟು ಹಿಂದೆಯೇ ಭಾರತದ ದೊಡ್ಡ ಕೇಂದ್ರಗಳಲ್ಲಿ ಆರಂಭವಾಗಿತ್ತು. ಆದರೆ ಬಾನುಲಿಯು ಅಶೋಕನ ಭೇರಿಯ ಗುಣವನ್ನೇ ಪಡೆದಿತ್ತು: ಬಹುದೂರ ಕೇಳಿಸುವುದು, ಏನನ್ನೂ ಕೇಳಿಸಿಕೊಳ್ಳದು. ಎದುರಿನ ಹುಡುಗ ಹೂಂ ಎಂದನೋ ತೂಕಡಿಸಿದನೋ ಎಂಬುದು ಕಥನಕಾರನಿಗೆ ತಿಳಿಯುವ ಮಾರ್ಗವಿರಲಿಲ್ಲ.

ಈ ಕೊರತೆಗೆ ಪರಿಹಾರ ದೂರದ ನಿಕರಾಗುವಾ ದೇಶದಲ್ಲಿ ಹೊಳೆದದ್ದು ವಿಚಿತ್ರ. 1974ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಲ್ಲಿ ಗಣಿತವನ್ನು ರೇಡಿಯೋದಲ್ಲಿ ಕಲಿಸಲು ಹೊರಟಾಗ, ಪ್ರಶ್ನೆ ಕೇಳಿ ಕೆಲವು ಕ್ಷಣ ಸುಮ್ಮನಿರುವ, ಮಕ್ಕಳು ಕೂಗಿ ಉತ್ತರಿಸಿದ ಮೇಲೆ ಮುಂದುವರಿಯುವ ಕ್ರಮವನ್ನು ಕಂಡುಕೊಂಡರು. ನಮ್ಮ ರಾಜ್ಯದ ಪ್ರಾಥಮಿಕ ಶಾಲೆಗಳಿಗಾಗಿ ಆಕಾಶವಾಣಿಯಲ್ಲಿ ಬಂದ ‘ಚುಕ್ಕಿ ಚಿನ್ನ’ ಮೊದಲಾದ ಕಾರ್ಯಕ್ರಮಗಳ ಹಿಂದೆ ಇದೇ ಉಪಾಯವಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2001ರಲ್ಲಿ ಹುಟ್ಟಿದ ‘ನಮ್ಮ ಧ್ವನಿ’ಯವರು ಇನ್ನೂ ಮುಂದೆ ಹೋದರು. ಆಕಾಶತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ಹೇಳಿದ್ದರೂ ಹಳ್ಳಿಯ ಸಂಘಗಳಿಗೆ ಪ್ರಸಾರದ ಅನುಮತಿ ಸಿಗುವ ನೀತಿ ಬಂದದ್ದು 2006ರಲ್ಲಿ. ಅದುವರೆಗೆ ಕಾಯದೆ ಅವರು ಊರಿನವರೇ ತಯಾರಿಸಿದ ಧ್ವನಿಮುದ್ರಿಕೆಗಳನ್ನು ಕೇಬಲ್ಲಿನ ಮೂಲಕ ಮನೆಮನೆಗೆ ಹರಿಸಿದರು. ಆದರೆ ಮದುವೆ, ಜಾತಿ, ದುಡಿಮೆಗಳ ಪ್ರಶ್ನೆಗಳು ಮಕ್ಕಳ ಮೈಮೇಲೆಯೇ ಬರುವ ವಯಸ್ಸು ಪ್ರೌಢಶಾಲೆಯದು. ಕತೆಯಾದರೋ ಹೆಚ್ಚಾಗಿ ಅದರ ಹಿಂದಿನ ಮೆಟ್ಟಿಲಾದ ಪ್ರಾಥಮಿಕ ಶಾಲೆಯಲ್ಲಿಯೇ ಉಳಿದುಬಿಟ್ಟಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಭಯವೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಪಾಠಕ್ಕೆ ವಸ್ತುವಿನ ಬರವೇನೂ ಇಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ, ಕ್ಷೌರದಂಗಡಿ ಹಾಗೂ ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶ ನಿರಾಕರಿಸಿದುದು ಬೆಳೆದು, 2014ರಲ್ಲಿ ಅವರ ಗುಡಿಸಲುಗಳಿಗೆ ಬೆಂಕಿ ಬಿದ್ದಿತು. ಕೊಪ್ಪಳದ ಜಿಲ್ಲಾ ನ್ಯಾಯಾಲಯವು 2024ರ ಅಕ್ಟೋಬರಿನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಅದೇ ತಾಲ್ಲೂಕಿನ ತರಗತಿಯಲ್ಲಿ ಎರಡೂ ಕೇರಿಯ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತಿರುವಾಗ, ಅಸ್ಪೃಶ್ಯತೆಯು ದಂಡನೀಯವೆಂಬ ಪಠ್ಯದ ವಾಕ್ಯವನ್ನು ಓದಿಸಿ ಮುಂದೆ ಸಾಗುವುದು ಅಧ್ಯಾಪಕನಿಗೆ ಸುಲಭ. ನೆರೆಯ ಊರಿನ ಹೆಸರಿಲ್ಲದೆ ಹೇಳಿದ ಒಂದು ಕತೆಯನ್ನು ಮೊಬೈಲಿನಲ್ಲಿ ಕೇಳಿಸಿ, ಸಂಕಟದ ಜಾಗದಲ್ಲಿ ಅದನ್ನು ನಿಲ್ಲಿಸಿ, ಮುಂದೇನೆಂದು ಮಕ್ಕಳನ್ನೇ ಕೇಳುವುದು ಅಷ್ಟು ಸುಲಭವಲ್ಲ. ಉತ್ತರ ಯಾವ ಕಡೆಯಿಂದ ಬಂದೀತೋ ಹೇಳಲಾಗದು.

ಕುಮಾರರಾಮನ ಕತೆಯನ್ನೇ ಇಂದಿನ ಒಂಬತ್ತನೆಯ ತರಗತಿಯಲ್ಲಿ ಕೇಳಿಸಿದರೆ ಏನಾದೀತೆಂದು ನಾನು ಹಲವು ಬಾರಿ ಯೋಚಿಸಿದ್ದೇನೆ. ಶತಮಾನಗಳಿಂದ ಕೇಳಿದವರು ರಾಮನ ಶೀಲಕ್ಕೆ ತಲೆದೂಗಿದರು, ರತ್ನಾಜಿಗೆ ಶಾಪ ಹಾಕಿದರು. ಆದರೆ ಕೆಲವು ಪಾಠಗಳಲ್ಲಿ ಆ ಹುಡುಗಿ ಮೊದಲು ರಾಮನಿಗೇ ಬಂದ ಸಂಬಂಧ. ಅವಳ ರೂಪವನ್ನು ಕಂಡ ಮುದುಕ ಕಂಪಿಲರಾಯನು ತಾನೇ ಮದುವೆಯಾದನು. ಆಗ ಅವಳನ್ನು ಯಾರು ಕೇಳಿದರು? ಹದಿನಾಲ್ಕರ ಪ್ರಾಯದಲ್ಲಿ ತನಗೂ ವರ ನೋಡುತ್ತಿರುವ ಮನೆಯಿಂದ ಬಂದ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ ಹೂಂಗುಟ್ಟುವುದನ್ನು ಬಿಟ್ಟು ಈ ಪ್ರಶ್ನೆಯನ್ನೇ ಎತ್ತಿದರೆ, ಮುಂದಿನ ಭಾಗವನ್ನು ಮೇಷ್ಟರು ಮೊಬೈಲಿನಿಂದ ಕೇಳಿಸಲಾರರು, ತಾವೇ ಹೇಳಬೇಕಾಗುತ್ತದೆ.